ಕಾಕಾ ಮತ್ತು ನನ್ನ ಒಂಟಿ ಸೀನು

ನಮ್ಮೂರು ಕಟಕೋಳದಲ್ಲಿ ಕಾಕಾನನ್ನು ತಡೆದು ನಿಲ್ಲಿಸುವ ಗಂಡಸು ಇನ್ನೂ ಹುಟ್ಟಿರಲಿಲ್ಲ. ಆದರೆ ನನ್ನ ಮೂಗು ಹುಟ್ಟಿತ್ತಲ್ಲ!

ಕಾಕಾ ಎಂದರೆ ಅಪ್ಪನ ತಮ್ಮ. ಎತ್ತು ಹಾಯಲು ಬಂದರೂ ಹೆದರದ ಆಳು. ಹೊರಡುವಾಗ ಯಾರಾದರೂ ಒಮ್ಮೆ ಸೀನಿದರೆ ಮಾತ್ರ ಮುಗಿಯಿತು. ಚಪ್ಪಲಿ ಬಿಟ್ಟು ಒಳಗೆ ಬಂದು, ಕಂಬಕ್ಕೊರಗಿ ಕುಳಿತು, ಒಂದು ತಂಬಿಗೆ ನೀರು ಕುಡಿದು, ಹೊಸದಾಗಿ ಹೊರಡಬೇಕು. ಒಂಟಿ ಸೀನು ಅಪಶಕುನ, ಜೋಡಿ ಸೀನು ಶುಭ ಎಂಬುದು ಅವರ ಶಾಸ್ತ್ರ. ಜೋಳದ ಹೊಟ್ಟಿನ ಧೂಳಿಗೆ ಮುಂಜಾನೆಯಿಂದ ಸೀನುವ ನಾನು, ತೊಂಬತ್ತರ ದಶಕದಲ್ಲಿ, ಇಂಥವರ ಮನೆಯಲ್ಲೇ ಬೆಳೆಯಬೇಕೆ?

"ಇನ್ನೊಂದು ಸೀನವಾ, ಜೋಡಿ ಆಗ್ಲಿ," ಎಂದು ಗೋಗರೆಯುತ್ತಿದ್ದರು. ಬರದಿದ್ದರೆ ಅಜ್ಜನ ನಶ್ಯದ ಡಬ್ಬಿಯನ್ನು ನನ್ನ ಮೂಗಿಗೆ ಹಿಡಿಯುತ್ತಿದ್ದರು. ಆಗ ಒಂದೇ ಬರುತ್ತದೆಯೆ? ಸಾಲುಸಾಲಾಗಿ ಬರುತ್ತಿದ್ದವು. ಕಾಕಾ ಬೆರಳು ಮಡಚಿ ಎಣಿಸಿ, ಬೆಸ ಬಂದರೆ ಮತ್ತೆ ಕುಳಿತು ನೀರು! ಮನೋಳಿಯ ಮದುವೆಯೊಂದಕ್ಕೆ ನಾವು ಮುಟ್ಟಿದಾಗ ಅಕ್ಕಿಕಾಳು ಬಿದ್ದು, ಊಟ ಮುಗಿದು, ಪೆಂಡಾಲು ಬಿಚ್ಚುತ್ತಿದ್ದರು.

"ಅಪಶಕುನ ತಪ್ಪಿತಲ್ಲ," ಎಂದರು ಕಾಕಾ.

"ಹೌದು, ಊಟಾನೂ ತಪ್ಪಿತು," ಎಂದಳು ಅವ್ವ.

ಸೀನಿನ ಜೊತೆಗೆ ನನ್ನ ಕಣ್ಣು ತಾನೇ ಮಿಟುಕುತ್ತಿತ್ತು, ಮೂಗು ಸೊಟ್ಟಗಾಗುತ್ತಿತ್ತು, ಕತ್ತು ಪಕ್ಕಕ್ಕೆ ಜಗ್ಗುತ್ತಿತ್ತು. ಪಾಠದ ಮೇಲೆ ಲಕ್ಷ್ಯ ನಿಲ್ಲುತ್ತಿರಲಿಲ್ಲ. ಸಾಲಿಯ ಮಾಸ್ತರರು ಪಾಪ, ಬೇರೆಯೇ ತಿಳಿದು ಮನೆಗೆ ಬಂದು ಹೇಳಿದರು.

"ಇಕಿ ಕುಂತಲ್ಲಿ ಕುಂಡ್ರೂದಿಲ್ರಿ, ನನಗ ಕಣ್ಣ ಹೊಡೀತಾಳ. ಡಾಕ್ಟರಿಗೆ ತೋರಿಸೂತನಕ ಸಾಲಿಗೆ ಕಳಸಬ್ಯಾಡ್ರಿ."

"ಕಣ್ಣ ಹೊಡ್ಯಾಕ ನಿಮ್ಮ ಮಾರಿ ಹಂಗ ಐತೇನ್ರಿ ಮಾಸ್ತರ?" ಎಂದು ಕಾಕಾ ಕೇಳಿದರು.

ಊರೆಲ್ಲ ನಕ್ಕಿತು. ಆದರೆ ನಾನು ಮನೆಯಲ್ಲೇ ಉಳಿದೆ. ಗೆಳತಿಯರು ಪಾಟಿಚೀಲ ಹಾಕಿಕೊಂಡು ಹೋಗುವುದನ್ನು ನೋಡುತ್ತ ಕಟ್ಟೆಯ ಮೇಲೆ ಕುಳಿತು ಅಳುತ್ತಿದ್ದೆ.

ರಾಮದುರ್ಗಕ್ಕೆ ವಾರಕ್ಕೊಮ್ಮೆ ಕಿವಿ-ಮೂಗಿನ ಡಾಕ್ಟರು ಬರುತ್ತಿದ್ದರು. ಅವರು ಸಿಗುವ ಹೊತ್ತಿಗೆ ಮುಟ್ಟಿಸುವ ಬಸ್ಸು ಒಂದೇ. ಕಾಕಾ ನನ್ನನ್ನು ಕರೆದುಕೊಂಡು ಹೊರಟ ದಿನ ಅದರ ಹಾರ್ನು ಆಗಲೇ ಕೇಳಿಸುತ್ತಿತ್ತು. ನಾನು ಮೂಗು ಒತ್ತಿ ಹಿಡಿದು ಹೊಸ್ತಿಲಿಗೆ ಬಂದೆ. ಬಂತು ನೋಡಿ, ಒಂಟಿ ಸೀನು!

ರೂಢಿಯಂತೆ ಅವ್ವ ತಂಬಿಗೆ ತಂದಳು. ಕಾಕಾ ಬಗ್ಗಿದರು. ಚಪ್ಪಲಿ ಬಿಚ್ಚುತ್ತಾರೆ, ಇನ್ನು ನನ್ನ ಸಾಲಿ ಮುಗಿಯಿತು ಎಂದುಕೊಂಡೆ. ಅವರು ಬಗ್ಗಿದ್ದು ನನ್ನನ್ನು ಎತ್ತಿಕೊಳ್ಳಲಿಕ್ಕೆ.

"ಕೆಟ್ಟದ್ದು ಆಗೂದಿದ್ರ ನನಗ ಆಗ್ಲಿ. ನೀ ಸಾಲಿಗೆ ಹೋಗಬೇಕ," ಎನ್ನುತ್ತ ಬಸ್ಸಿನ ಕಡೆ ಓಡಿದರು.

"ಮೂಗಿನ ಅಲರ್ಜಿ ಐತಿ," ಎಂದರು ಡಾಕ್ಟರು. "ಇಂಥ ಕೆಲವು ಮಕ್ಕಳಿಗೆ ಕಣ್ಣ ಮಿಟಕೂದು, ಲಕ್ಷ್ಯ ನಿಲ್ಲದಿರೂದು ಕೂಡೇ ಕಾಣತಾವ. ಮೂಗಿನಿಂದನ ಆತು ಅಂತ ಹೇಳಾಕ ಬರೂದಿಲ್ಲ. ಚಲೋ ನಿದ್ದಿ ಬಂದ್ರ ಕಡಿಮಿ ಆದೀತು. ಬೇಕಂತ ಮಾಡೂದಲ್ಲ ಅಂತ ಮಾಸ್ತರಿಗೆ ತಿಳಿಸಿ ಹೇಳ್ರಿ."

ಔಷಧಕ್ಕೆ ಮೂಗು ಹಗುರಾಯಿತು, ನಿದ್ದೆ ಬಂತು, ಕಣ್ಣೂ ಕತ್ತೂ ಬಹಳಷ್ಟು ಸುಮ್ಮನಾದವು. ನಾನು ಮತ್ತೆ ಸಾಲಿಯಲ್ಲಿ ನನ್ನ ಜಾಗದಲ್ಲಿ ಕುಳಿತೆ.

ಕಾಕಾ ಬದಲಾದರು ಎಂದುಕೊಂಡಿರಾ? ಬೇರೆ ಯಾರೇ ಸೀನಿದರೂ ಕುಳಿತು ನೀರು ಕುಡಿಯುವುದು ನಿಲ್ಲಲಿಲ್ಲ. ನಾನು ಕಾಲೇಜು ಓದುವಾಗ ಅವರು ಕಣ್ಣಿನ ಆಪರೇಷನ್ನಿಗೆ ಹೊರಟು, ಅಂಜಿಕೆಯಿಂದ ಹೊಸ್ತಿಲು ದಾಟಲಾರದೆ ನಿಂತಿದ್ದರು. ಆಗಲೇ ನನಗೆ ಸೀನು ಬಂತು, ಒಂದೇ ಒಂದು. ನಾನು ಗಾಬರಿಯಾಗಿ ಬಾಯಿ ಮುಚ್ಚಿಕೊಂಡೆ. ಕಾಕಾ ನನ್ನ ಕೈ ಹಿಡಿದರು.

"ಮಗಳು ಸೀನ್ಯಾಳ. ಇನ್ನ ಚಿಂತಿ ಇಲ್ಲ, ನಡೀರಿ."