ಅಣ್ಣನ ಮಂಚದ ಸೈಕಲ್ ಗಂಟೆ

ಕಾಯಿಲೆಯವರು ಮಲಗಿರುವ ಮನೆಯಲ್ಲಿ ಯಾರೂ ನಗಬಾರದೆಂದು ಎಲ್ಲರೂ ಎಚ್ಚರದಿಂದ ಇರುತ್ತಾರೆ. ಹಾಗೆ ಎಚ್ಚರದಿಂದ ಇರುವ ಮನೆಯಲ್ಲೇ ನಗು ಬರುವಂಥವು ಮೇಲಿಂದ ಮೇಲೆ ನಡೆಯುತ್ತವೆ. ನಮ್ಮ ಮನೆಯಲ್ಲಿ ನಡೆದವನ್ನು ಇಲ್ಲಿ ಬರೆದಿದ್ದೇನೆ. ನಾನು ಕುಷ್ಟಗಿಯಲ್ಲಿ ಸೈಕಲ್ ರಿಪೇರಿ ಅಂಗಡಿ ಇಟ್ಟುಕೊಂಡವನು, ಇದಕ್ಕೆ ಮೊದಲು ಏನೂ ಬರೆದವನಲ್ಲ. ಓದುವವರಿಗೆ ತಿಳಿಯದೆ ಹೋದೀತು ಎಂಬ ಅಂಜಿಕೆಗೆ ಎಲ್ಲವನ್ನೂ ಬಿಡಿಸಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಅಣ್ಣ ಈಗ ಇಲ್ಲ ಎಂಬುದನ್ನೂ ಮೊದಲೇ ಹೇಳಿಬಿಡುತ್ತೇನೆ. ನಗುತ್ತ ಓದಿ ಕೊನೆಗೆ ಅದು ತಿಳಿದರೆ ನಾನು ಮೋಸ ಮಾಡಿದಂತಾಗುತ್ತದೆ.

ಉಪ್ಪಿಟ್ಟು

ಅಣ್ಣ ಬಸ್ ಕಂಡಕ್ಟರ್. ಕುಷ್ಟಗಿಯಿಂದ ಕೊಪ್ಪಳ, ಹನುಮಸಾಗರ, ಕುಕನೂರು, ಯಾವ ಗಾಡಿ ಕೊಟ್ಟರೂ ಹೋಗುತ್ತಿದ್ದ. ದೊಡ್ಡ ದನಿ. ಆ ದನಿಯ ಜಾಗದಲ್ಲೇ ಗಂಟಾಯಿತು. ಹುಬ್ಬಳ್ಳಿಯಲ್ಲಿ ಆಪರೇಷನ್ ಮಾಡಿ ದನಿಪೆಟ್ಟಿಗೆಯನ್ನೇ ತೆಗೆದರು. ಕುತ್ತಿಗೆಯಲ್ಲಿ ಒಂದು ತೂತು ಉಳಿಯಿತು, ಉಸಿರಾಟವೆಲ್ಲ ಅದರಿಂದಲೇ. ಅದು ಯಾರಿಗೂ, ಅದರಲ್ಲೂ ಮಗಳಿಗೆ, ಕಾಣಬಾರದೆಂದು ಅವನು ಸದಾ ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದ. ಬರೆದು ತೋರಿಸಲಿ ಎಂದು ಪಾಟಿ ಬಳಪ ಕೊಟ್ಟೆವು. ಎರಡು ದಿನ ಬರೆದು ಮಂಚದ ಕೆಳಗೆ ತಳ್ಳಿದ.

ಅದಕ್ಕೆ ನಾನು ಅಂಗಡಿಯಿಂದ ಒಂದು ಸೈಕಲ್ ಗಂಟೆ ತಂದು ಮಂಚದ ಕಬ್ಬಿಣದ ಪೈಪಿಗೆ ಬಿಗಿದೆ. ಒಂದು ಸಲ ಬಾರಿಸಿದರೆ ಹೂಂ, ಎರಡು ಸಲ ಬಾರಿಸಿದರೆ ಬೇಡ ಎಂದು ಹೇಳಿಕೊಟ್ಟೆ. ಅಣ್ಣ ತಲೆಯಾಡಿಸಿದ.

ಮರುದಿನ ವೈನಿ, ಅಂದರೆ ಅಣ್ಣನ ಹೆಂಡತಿ, ಅಡಿಗೆಮನೆಯಿಂದ ಉಪ್ಪಿಟ್ಟು ಮಾಡಲೇ ಎಂದು ಕೇಳಿದರು. ಎರಡು ಗಂಟೆ. ರವೆಯ ಗಂಜಿ? ಎರಡು. ಶಾವಿಗೆ ಪಾಯಸ? ಮತ್ತೆ ಎರಡು. ಅವನಿಗೆ ಬಾಯಿ ಕೆಟ್ಟಿದೆ ಎಂದುಕೊಂಡು ಅರ್ಧ ಲೋಟ ಹಾಲು ಕೊಟ್ಟು ಸುಮ್ಮನಾದರು. ಹೀಗೇ ಎಷ್ಟೋ ದಿನ ನಡೆಯಿತು. ಅಣ್ಣ ಸೊರಗಿದ. ನೋಡಲು ಬಂದವರೆದುರು ವೈನಿ ಕಣ್ಣೊರೆಸಿಕೊಂಡು ಹೇಳುತ್ತಿದ್ದರು, “ಮೂರಕ್ಕೂ ಬ್ಯಾಡ ಅಂತಾರ್ರಿ. ನಾಲ್ಕನೇದ್ದು ಮಾಡೋಣಂದ್ರ ನನಗ ಬರೋ ಮೆತ್ತನ ಅಡಿಗಿ ಮೂರ.”

ಕಾಗಿಗೆ ನೆಗಡಿ

ಮಗಳು ಸಣ್ಣವಳಿದ್ದಾಗ ಅಣ್ಣ ಅವಳಿಗೆ ಕಾಗೆ ಗುಬ್ಬಿಯ ಕತೆ ಹೇಳುತ್ತಿದ್ದ. ಎಲ್ಲರಿಗೂ ಗೊತ್ತಿರುವ ಕತೆ, ಆದರೂ ಹೇಳುತ್ತೇನೆ. ಮಳೆಗೆ ಕಾಗೆಯ ಸಗಣಿ ಮನೆ ಕೊಚ್ಚಿಹೋಗುತ್ತದೆ. ಕಾಗೆ ಗುಬ್ಬಿಯ ಮೇಣದ ಮನೆಯ ಬಾಗಿಲು ಬಡಿಯುತ್ತದೆ. ಗುಬ್ಬಿ ಮರಿಗೆ ನೀರು ಹಾಕುತ್ತಿದ್ದೇನೆ, ಹಾಲು ಕುಡಿಸುತ್ತಿದ್ದೇನೆ ಎಂದು ನೆಪ ಹೇಳುತ್ತ ಬಾಗಿಲು ತೆಗೆಯುವುದೇ ಇಲ್ಲ. ನಮ್ಮ ಕಡೆ ಕತೆ ಕೇಳುವವರು ನಡುನಡುವೆ ಹೂಂ ಅನ್ನಬೇಕು. ಹೂಂ ಬರದಿದ್ದರೆ ಕತೆ ಅಲ್ಲಿಗೇ ನಿಲ್ಲುತ್ತದೆ.

ಮಗಳು ಈಗ ಪಿಯುಸಿ ಹುಡುಗಿ. ಸಂಜೆ ಅಪ್ಪನ ಬೆನ್ನ ಹಿಂದೆ ನೆಲಕ್ಕೆ ಕುಳಿತು ಅದೇ ಕತೆಯನ್ನು ಬೇರೆ ಮಾಡಿ ಅವನಿಗೇ ಹೇಳತೊಡಗಿದಳು. ಇವಳ ಕಾಗೆ ಬಾಗಿಲ ಮುಂದೆ ಅಳುತ್ತ ನಿಲ್ಲುವುದಿಲ್ಲ. ನನ್ನ ಮನೆಯನ್ನೇ ಯಾಕೆ ಕೊಚ್ಚಿದೆ ಎಂದು ಮಳೆಯನ್ನೇ ಕೇಳಲು ಮಳೆ ಹುಟ್ಟುವ ಊರಿಗೆ ಹೊರಡುತ್ತದೆ. ದಾರಿಯಲ್ಲಿ ಆನೆಗುಂದಿಯ ಬಂಡೆಗಳು. ಅವು ಬಂಡೆಗಳಲ್ಲ, ಮಲಗಿರುವ ರಾಕ್ಷಸರು. ಅವರಿಗೆ ಎಚ್ಚರವಾಗದಂತೆ ಹೆಗಲಿಂದ ಹೆಗಲಿಗೆ ಕುಪ್ಪಳಿಸಿ ದಾಟಬೇಕು.

ಇಷ್ಟು ಹೇಳಿ ಹೂಂಗಾಗಿ ಕಾದಳು. ಎರಡು ಗಂಟೆ ಕೇಳಿಸಿತು. ಅಪ್ಪನಿಗೆ ಬೇಡವಾಯಿತು ಎಂದು ಕಾಗೆಯನ್ನು ಬಂಡೆಯಿಂದ ಇಳಿಸಿ, ತುಂಗಭದ್ರೆಯ ತಳದಲ್ಲಿರುವ ಮೀನುಗಳ ಪಟ್ಟಣಕ್ಕೆ ಕಳಿಸಿದಳು. ಎರಡು. ಅಲ್ಲಿಂದ ಎತ್ತಿ ಗಾಳಿಪಟದ ದಾರ ಹಿಡಿಸಿ ಮೋಡದ ಕೋಟೆಗೆ ಹತ್ತಿಸಿದಳು. ಎರಡು. ಅಪ್ಪನಿಗೆ ಹೆಚ್ಚು ದಿನವಿಲ್ಲ ಎಂದು ಡಾಕ್ಟರು ಹೇಳಿದ್ದು ಅವಳಿಗೆ ಗೊತ್ತಿತ್ತು. ಬೇಕಾಗಿದ್ದುದು ಅವನಿಂದ ಒಂದು ಹೂಂ, ಅಷ್ಟೇ. ಕೊನೆಗೊಂದು ಸಂಜೆ ನನ್ನ ಹತ್ತಿರ ಬಂದು, “ಅಪ್ಪಗ ನನ್ನ ಕತಿ ಬ್ಯಾಡಾಗೇತಿ ಕಾಕಾ” ಎಂದು ಹೇಳಿ, ಕತೆ ನಿಲ್ಲಿಸಿಬಿಟ್ಟಳು.

ಪಕ್ಕದ ಮನೆಯ ಚಾಚಿ ಗಾದಿ ಹೊಲಿಯುವವರು. ದಿನಾ ಸಂಜೆ ಹೊಲಿಗೆ ಹಿಡಿದುಕೊಂಡು ಕತೆ ಕೇಳಲು ಬರುತ್ತಿದ್ದರು. ಅವತ್ತೂ ಬಂದರು. ಕಾಗೆ ಎಲ್ಲಿಗೆ ಬಂತು ಎಂದು ಕೇಳಿದರು. ಎಲ್ಲಿಗೂ ಇಲ್ಲ, ಕತೆ ನಿಂತಿತು, ಕಾಗೆ ಮತ್ತೆ ಹಳೆಯ ಕತೆಯ ಹಾಗೆ ಗುಬ್ಬಿಯ ಬಾಗಿಲಲ್ಲೇ ಇದೆ ಎಂದಳು ಹುಡುಗಿ. ಚಾಚಿ ಸೂಜಿಗೆ ದಾರ ಪೋಣಿಸುತ್ತ ಹೇಳಿದರು, “ಮಳ್ಯಾಗ? ಹಂಗಾರ ಅದಕ್ಕ ನೆಗಡಿ ಆಗತೈತಿ ಬಿಡು ಬೇಟಾ.”

ಅಣ್ಣ ಗೋಡೆಯ ಕಡೆ ಮುಖ ಮಾಡಿಕೊಂಡೇ ಎರಡು ಗಂಟೆ ಬಾರಿಸಿದ.

ಡ್ರೈವರ್ ಮಾಮಾ

ಅಣ್ಣನ ಗಾಡಿ ಓಡಿಸುತ್ತಿದ್ದ ಡ್ರೈವರ್ ನೋಡಲು ಬಂದರು. ನಮ್ಮ ಹುಡುಗಿಗೆ ಅವರು ಮಾಮಾ. ಅವರು ಕುಳಿತಿರುವಾಗಲೇ ವೈನಿ ರೂಢಿಯಂತೆ ಉಪ್ಪಿಟ್ಟು ಕೇಳಿದರು, ಎರಡು ಗಂಟೆ ಬಂತು, ವೈನಿ ಸುಮ್ಮನಾದರು. ಡ್ರೈವರ್ ಕಾದರು. ಒಗ್ಗರಣೆಯ ವಾಸನೆ ಬರಲಿಲ್ಲ.

“ಯಾಕವಾ ತಂಗಿ, ರೈಟ್ ಅಂದಾನಲ್ಲ, ಒಲಿ ಹಚ್ಚವಲ್ಲಿ?”

ಎರಡು ಅಂದರೆ ಬೇಡ ಎಂದು ನಾನು ವಿವರಿಸಿದೆ. ಅವರು ನನ್ನನ್ನು ದಿಟ್ಟಿಸಿದರು.

“ಯಾಂವ ಹೇಳಿದ ನಿನಗ? ಒಂದು ಬಾರಿಸಿದ್ರ ನಿಲ್ಸು. ಎರಡು ಬಾರಿಸಿದ್ರ ರೈಟ್, ಹೋಗು. ಇವನ ಗಂಟಿ ಮ್ಯಾಲೇ ನನ್ನ ನೌಕರಿ ಮುಗದೈತಿ. ಅಂವ ಇಷ್ಟು ದಿನ ಹೋಗ್ರಿ ಹೋಗ್ರಿ ಅನ್ನಾಕತ್ತಾನ, ನೀವು ಗಾಡಿ ನಿಲ್ಲಿಸ್ಕೊಂಡು ಕುಂತೀರಿ.”

ನಾನು ಹೇಳಿಕೊಟ್ಟದ್ದಕ್ಕೆ ಅಣ್ಣ ತಲೆಯಾಡಿಸಿದ್ದು ನಿಜ. ಆದರೆ ಕೈ ಕೇಳಬೇಕಲ್ಲ, ಅದು ಕಂಡಕ್ಟರನ ಕೈ. ಅವನು ಮೆಲ್ಲಗೆ ನಮ್ಮ ಕಡೆ ಹೊರಳಿದ. ದನಿಯಿಲ್ಲದ ನಗುವಿಗೆ ಹೆಗಲು ಮಾತ್ರ ಕುಣಿಯುತ್ತಿತ್ತು, ಕಣ್ಣಲ್ಲಿ ನೀರಿತ್ತು. ಮಗಳು ಮೊದಲ ಸಲ ಆ ತೂತನ್ನು ನೋಡಿದಳು. ನೋಡಿಯೂ ಹತ್ತಿರ ಹೋಗಿ ಕುಳಿತಳು.

ವೈನಿ ಬಾಗಿಲಲ್ಲಿ ನಿಂತು ಅಳುತ್ತ ಕೇಳಿದರು, “ಹಂಗಾರ ಅವತ್ತು ಮೂರೂ ಬೇಕಾಗಿದ್ವೇನ್ರಿ?”

ಎರಡು ಗಂಟೆ.

ಗುಬ್ಬಿ ಹತ್ತಿದ್ದು

ಅವತ್ತಿನಿಂದ ಕಾಗೆಗೆ ತಡೆಯಿಲ್ಲ. ಬಂಡೆ ರಾಕ್ಷಸರನ್ನು ದಾಟಿತು, ನದಿಯ ತಳ ನೋಡಿತು, ಮೋಡದ ಕೋಟೆ ಹತ್ತಿ ಮಳೆಯ ರಾಣಿಯ ಜೊತೆ ಜಗಳವಾಡಿತು. ಸೋತ ರಾಣಿ ಒಂದು ಮೋಡವನ್ನೇ ಗಾಡಿಯಾಗಿ ಕೊಟ್ಟಳು. ಕಾಗೆ ಮೋಡದಲ್ಲಿ ಕುಳಿತು ಊರಿಗೆ ಮರಳುವಾಗ ನೋಡುತ್ತದೆ, ಬಿಸಿಲಿಗೆ ಗುಬ್ಬಿಯ ಮೇಣದ ಮನೆ ಕರಗಿಹೋಗಿದೆ. ಗುಬ್ಬಿ ಮರಿಗಳನ್ನು ಕಟ್ಟಿಕೊಂಡು ರಸ್ತೆಯಲ್ಲಿ ನಿಂತು ಕೈ ಮಾಡುತ್ತಿದೆ.

“ಕಾಗಿ ನಿಲ್ಲಿಸ್ಲಿಲ್ಲ. ಹಂಗ ಹೋತು” ಎಂದಳು ಹುಡುಗಿ.

ಒಂದು ಗಂಟೆ.

ಅವತ್ತು ಬಾಗಿಲು ತೆಗೆಯದವಳಿಗೆ ಈಗ ಯಾಕೆ ನಿಲ್ಲಿಸಬೇಕು ಎಂದು ಹುಡುಗಿ ವಾದ ಮಾಡಿದಳು. ಮತ್ತೆ ಒಂದು. ಅಣ್ಣನ ಬೆರಳು ಗಂಟೆಯ ಮೇಲೇ ಇತ್ತು.

ಕೊನೆಗೆ ಅವಳು ಮೋಡ ನಿಲ್ಲಿಸಿ ಗುಬ್ಬಿಯನ್ನು ಹತ್ತಿಸಿಕೊಂಡಳು. ಚಾಚಿ ತಲೆಯೆತ್ತದೆ, “ಮರಿಗೋಳಿಗೆ ಅರ್ಧಾ ಟಿಕೀಟ ಹಿಡಿ” ಎಂದರು. ಅಣ್ಣ ಎರಡು ಬಾರಿಸಿದ. ಕತೆ ಮುಗಿಯಿತು. ಅದಾದ ವಾರದಲ್ಲೇ ಅಣ್ಣ ಹೋದ.

ದಬ್ಬಿದ್ದು

ಮಣ್ಣಿಗೆ ಒಯ್ಯಲು ಡ್ರೈವರ್ ಮಾಮಾ ಒಂದು ಸಣ್ಣ ಲಾರಿ ತಂದಿದ್ದರು, ತಾವೇ ಓಡಿಸುತ್ತೇನೆ ಎಂದರು. ಹಿಂದೆ ಅಣ್ಣನನ್ನು ಮಲಗಿಸಿದೆವು. ತಲೆಯ ಹತ್ತಿರ ವೈನಿ ಮತ್ತು ಮಗಳು ಕುಳಿತರು. ಮಂಚದಿಂದ ಬಿಚ್ಚಿದ ಗಂಟೆ ಮಗಳ ಮಡಿಲಲ್ಲಿತ್ತು.

ಇಂಜಿನ್ ಶುರುವಾಯಿತು, ಲಾರಿ ಮಾತ್ರ ಮಿಸುಕಲಿಲ್ಲ. ಹೊತ್ತಾಗುತ್ತಿದೆ ಎಂದರು ಜನ. ಡ್ರೈವರ್ ಸ್ಟೇರಿಂಗ್ ಹಿಡಿದು ಮುಂದೆ ನೋಡುತ್ತ ಕುಳಿತೇ ಇದ್ದರು. ಗೇರ್ ಸಿಕ್ಕಿಕೊಂಡಿರಬೇಕೆಂದು ಓಣಿಯ ಹಿರಿಯರೊಬ್ಬರು ಎಲ್ಲರನ್ನೂ ಹಿಂದೆ ಹಚ್ಚಿದರು. ನಾವು ದಬ್ಬಿದೆವು. ಡ್ರೈವರ್ ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಕುಳಿತಿದ್ದರೆಂದು ಯಾರಿಗೆ ಗೊತ್ತು? ಬೆವರು ಸುರಿಯಿತು, ಲಾರಿ ಅಲ್ಲೇ ಇತ್ತು.

ಹುಡುಗಿಗೆ ತಿಳಿಯಿತು. ಗಂಟೆ ಎತ್ತಿಕೊಂಡು ಎರಡು ಸಲ ಬಾರಿಸಿದಳು.

ಲಾರಿ ನೆಗೆದು ಹೊರಟಿತು. ಎದೆಕೊಟ್ಟು ದಬ್ಬುತ್ತಿದ್ದ ನಾನು ಬಿಳಿ ಅಂಗಿಯ ಸಮೇತ ಬೋರಲು ಬಿದ್ದೆ. ಇಡೀ ಓಣಿ ಬಾಯಿಗೆ ಟವೆಲ್ ತುರುಕಿಕೊಂಡಿತು.

ಆಗ ಒಂದು ಗಂಟೆ ಕೇಳಿಸಿತು. ಲಾರಿ ನಿಂತಿತು.

“ಹತ್ತು ಕಾಕಾ” ಎಂದಳು ಹುಡುಗಿ, ಕೈ ಚಾಚಿ. “ಅಪ್ಪ ಯಾರನ್ನೂ ಬಿಟ್ಟು ಹೋಗೂದಿಲ್ಲ.”

ನಾನು ಕುಂಟುತ್ತ ಹೋಗಿ ಹತ್ತಿದೆ. ವೈನಿ ಅಳುತ್ತಲೇ ಸೆರಗಿನಿಂದ ನನ್ನ ಎದೆಯ ಧೂಳು ಕೊಡವಿ ಕೇಳಿದರು,

“ರೈಟ್ ಅನ್ನೂ ತನಕ ನಿಮಗ ತಡಕೊಳ್ಳಾಕ ಆಗ್ಲಿಲ್ಲೇನು?”

ಹುಡುಗಿ ಎರಡು ಬಾರಿಸಿದಳು.