ಅತ್ತೆ ಕೊಟ್ಟ ರಾಯ್

ನಿಜಾಮರ ಸೀಮೆಯಲ್ಲಿ ಹುಟ್ಟಿದ ನಮಗೆ ಉರ್ದು ಶಬ್ದಗಳು ಹೊಸವಲ್ಲ. ಹೊಲಕ್ಕೆ ಪಟ್ಟಾ, ಕಚೇರಿಗೆ ಅರ್ಜಿ, ತಪ್ಪಿದರೆ ಜುಲ್ಮಾನೆ, ಎಲ್ಲವನ್ನೂ ಅಗಿಯದೆ ನುಂಗಿ ಅರಗಿಸಿಕೊಂಡವರು ನಾವು. ನನ್ನ ಗಂಟಲಲ್ಲಿ ಸಿಕ್ಕಿಕೊಂಡದ್ದು ಒಂದೇ ಶಬ್ದ: ರಾಯ್. ಸರಕಾರದ ಬಾಯಲ್ಲಿ ಅದು ವೋಟು, ಜನರ ಬಾಯಲ್ಲಿ ಅಭಿಪ್ರಾಯ. ಇವೆರಡರ ನಡುವಿನ ಅಂತರವನ್ನು ನನಗೆ ತಿಳಿಸಿಕೊಟ್ಟವರು ನನ್ನ ಹೆಂಡತಿಯ ತಾಯಿ, ಸಂತೆಕಲ್ಲೂರಿನ ಗಂಗಮ್ಮ.

ಆ ವರ್ಷ ತಾಲ್ಲೂಕು ಬೋರ್ಡಿಗೆ ಮಸ್ಕಿ ಕಡೆಯ ಊರುಗಳಿಂದ ಒಬ್ಬ ಸದಸ್ಯನನ್ನು ಆರಿಸಬೇಕಿತ್ತು. ಮಸ್ಕಿಯಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡು ಸುಖವಾಗಿದ್ದ ನಾನು ನಿಂತೆ. ಯಾಕೆ ನಿಂತೆಯೆಂದರೆ, ಕೂತು ಕೂತು ಬೇಸರವಾಗಿತ್ತು, ಅಷ್ಟೆ. ಎದುರಿಗೆ ಸಂತೆಕಲ್ಲೂರಿನ ಗೌಡರು. ಪಟ್ಟಾ ಇದ್ದವರಿಗೆ ಮಾತ್ರ ರಾಯ್. ಅತ್ತೆಯ ಹೆಸರಲ್ಲಿ ಹೊಲವಿದ್ದದ್ದರಿಂದ ಅವರಿಗೂ ಬಂತು. ಆ ಊರಿನ ಹೆಂಗಸರು ಹಳ್ಳದಿಂದ ನೀರು ಹೊರುತ್ತಿದ್ದರು. ನಾನು ಕಟ್ಟೆಯ ಮೇಲೆ ನಿಂತು ಬಾವಿ ತೋಡಿಸುವ ಮಾತು ಕೊಟ್ಟು, "ರಾಯ್ ಅಂದ್ರ ಮನಸಿನ್ಯಾಗಿನ ಮಾತು. ಯಾರಿಗೂ ಅಂಜಬ್ಯಾಡ್ರಿ, ಇದ್ದದ್ದು ಇದ್ಹಂಗ ಹೇಳ್ರಿ" ಎಂದು ಭಾಷಣ ಬಿಗಿದೆ. ಅತ್ತೆ ಬಾಗಿಲ ಮರೆಯಿಂದ ಕೇಳಿಸಿಕೊಂಡರು. ಮದುವೆಯಾದಾಗಿನಿಂದ ಅವರು ನನ್ನೊಡನೆ ಮಾತಾಡಿದ್ದೇ ಬಾಗಿಲ ಮರೆಯಲ್ಲಿ ನಿಂತು.

ಚುನಾವಣೆಯ ದಿನ ಚಾವಡಿಯಲ್ಲಿ ಲಿಂಗಸೂಗೂರಿನ ಕಚೇರಿಯಿಂದ ಬಂದ ಪೇಶ್ಕಾರರು ಕುರ್ಚಿ ಹಾಕಿಕೊಂಡು ಕೂತರು. ಒಬ್ಬೊಬ್ಬರೇ ಬಂದು ಎಲ್ಲರೆದುರು ಹೆಸರು ಹೇಳಬೇಕು. ಅವರ ಉರ್ದುವನ್ನು ಚಪರಾಸಿ ನಮ್ಮ ಮಾತಿಗೆ ತಿರುಗಿಸುತ್ತಿದ್ದ. ಇಳಿಹೊತ್ತಿಗೆ ನಾನೂ ಗೌಡರೂ ಸಮಸಮ ನಿಂತೆವು. ಉಳಿದವರು ಅತ್ತೆ ಒಬ್ಬರೇ. ನಾನು ರುಮಾಲು ಸರಿಮಾಡಿಕೊಂಡು ಗೆದ್ದವನ ಮುಖ ಮಾಡಿಕೊಂಡೆ.

"ಯಮ್ಮಾ, ನಿನ್ನ ರಾಯ ಹೇಳು" ಅಂದ ಚಪರಾಸಿ.

ಅತ್ತೆ ಸೆರಗು ಮುಂದಕ್ಕೆಳೆದುಕೊಂಡರು. "ಯಾರ ಮ್ಯಾಲ ಹೇಳ್ಲೆಪಾ? ಇಬ್ಬರ ಮ್ಯಾಲೂ ಐತಿ. ಗೌಡ್ರು ಖರೇ ಮಾತಿನವರು, ಸಿಟ್ಟು ಭಾಳ. ಅವರು ಕೆಮ್ಮಿದ್ರ ಆಳುಮಕ್ಕಳು ದನದ ಹಿಂದ ಅಡಗ್ತಾರ." ಕೆಮ್ಮಲು ಹೊರಟಿದ್ದ ಗೌಡರು ತಡೆದುಕೊಂಡರು. "ಇನ್ನ ನಮ್ಮ ಅಳಿಯಂದ್ರು. ಮಾತು ಬಂಗಾರ. ನಮ್ಮ ಹಿತ್ತಲ ಬಾಗಿಲಾ ರಿಪೇರಿ ಮಾಡಸ್ತೀನಿ ಅಂದ್ರು, ನಾಯಿ ಇನ್ನೂ ಅಡಿಗಿ ಮನಿಗೆ ಬರಾಕತ್ತೈತಿ. ದೊಡ್ಡವರ ಮುಂದ ಇವರಿಗೆ ಬಾಯಿನ ಬರೂದಿಲ್ಲ."

ಚಾವಡಿಗೆ ಚಾವಡಿಯೇ ನಕ್ಕಿತು. ನೆಲ ಬಾಯಿ ಬಿಡಬಾರದೇ ಅನಿಸಿತು ನನಗೆ. ಆದರೂ ಸುಳ್ಳು ಯಾಕೆ ಹೇಳಲಿ, ಎದೆಯಲ್ಲಿ ಹೆಮ್ಮೆಯೂ ಎದ್ದಿತ್ತು. ನಾನು ಮಾಡಿದ ಭಾಷಣವನ್ನು ಇಡೀ ತಾಲ್ಲೂಕಿನಲ್ಲಿ ನಂಬಿದವರು ಅವರೊಬ್ಬರೇ. ಪೇಶ್ಕಾರರೂ ಮೀಸೆಯಲ್ಲಿ ನಗುತ್ತ, ಒಂದೇ ಹೆಸರು ಸಾಕೆಂದು ಹೇಳಿಸಿದರು.

"ಗೌಡ್ರ ಅಂಗಳದಾಗ ಬಾವಿ ಐತ್ರಿ ಸಾಹೇಬ್ರ. ಇವರು ನಮ್ಮನಿಗೆ ಬಂದ್ರ ಹಳ್ಳದ ನೀರ ಕುಡೀತಾರ. ನೀರಡಿಸಿದವರೇ ಬಾವಿ ಕೇಳಬೇಕು. ನನ್ನ ರಾಯ ಅಳಿಯಂದ್ರಿಗೆ."

ಹೀಗೆ ಗೆದ್ದೆ. ಬೋರ್ಡಿನ ಮೊದಲ ಸಭೆಯಲ್ಲಿ ಅಧ್ಯಕ್ಷರಾದ ಹಿರಿಯ ಸಾಹೇಬರು, ಈ ವರ್ಷ ಬಾವಿಗಳನ್ನು ಬಿಟ್ಟು ಅಧಿಕಾರಿಗಳು ತಂಗುವ ಮುಸಾಫಿರ ಬಂಗಲೆಯ ರಸ್ತೆ ಮಾಡೋಣವೆಂದು ನನ್ನತ್ತ ತಿರುಗಿ, "ಆಪ್ ಕೀ ರಾಯ್?" ಎಂದರು. ಎದ್ದು ನಿಂತೆ. "ಬಹುತ್ ಮುನಾಸಿಬ್, ಹುಜೂರ್" ಅಂದೆ. ಬಹಳ ಸರಿ ಎಂದರ್ಥ.

ಬರುವಾಗ ಸಂತೆಕಲ್ಲೂರಿನಲ್ಲಿ ಇಳಿದೆ. ಅತ್ತೆ ಬಾಗಿಲ ಮರೆ ಬಿಟ್ಟು ಪಡಸಾಲೆಗೇ ಬಂದರು. "ಬಾವಿ ಮ್ಯಾಲ ಏನು ರಾಯ ಕೊಟ್ರಿ?"

"ಮೊದಲ ನೀರ ಕೊಡ್ರಿ ಅತ್ತಿ" ಅಂದೆ.

ನನ್ನ ಮುಖ ನೋಡಿದರು. ಒಳಗೆ ಹೋಗಿ ತಂಬಿಗೆ ತಂದು ಮುಂದಿಟ್ಟರು. "ಕುಡೀರಿ. ಹಳ್ಳದ್ದೈತಿ."

ಮರುದಿನವೇ ಬಡಿಗನನ್ನು ಕಳಿಸಿ ಅವರ ಹಿತ್ತಲ ಬಾಗಿಲು ರಿಪೇರಿ ಮಾಡಿಸಿದೆ. ಅದಕ್ಕೆ ಯಾವ ಸಾಹೇಬರ ಮುಂದೆಯೂ ಬಾಯಿ ತೆರೆಯಬೇಕಾಗಿರಲಿಲ್ಲ.