ಉಪ್ಪುನೀರಿನ ತೊಟ್ಟಿಯೂ ಮಾವನವರೂ

ಮಹದೇವನಿಗೆ ತನ್ನ ಷಡ್ಡಕ ರವಿಚಂದ್ರನ ಮೇಲೆ ಯಾವ ದ್ವೇಷವೂ ಇರಲಿಲ್ಲ. ಅವನ ಮನೆಯ ಮೀನಿನ ತೊಟ್ಟಿ ಒಡೆದು ನೀರೆಲ್ಲ ಸೋಫಾದ ಕೆಳಗೆ ಹರಿಯಲಿ ಎನ್ನುವಷ್ಟು ಸಣ್ಣ ಆಸೆಯೊಂದಿತ್ತು, ಅಷ್ಟೆ. (ಮೀನುಗಳಿಗೆ ಏನೂ ಆಗಬಾರದು. ಅವನು ಅಷ್ಟು ಕೆಟ್ಟವನಲ್ಲ.)

ಇದಕ್ಕೆಲ್ಲ ಕಾರಣ ಮಾವ. ಹೆಂಡತಿ ಪಲ್ಲವಿಯ ತಂದೆ ದೊಡ್ಡಸಿದ್ದಯ್ಯನವರು ಬನ್ನೂರಿನ ಕಡೆಯವರು. ನೀರುಗಂಟಿಯಾಗಿ ನಾಲೆಯ ತೂಬು ಎತ್ತಿ ಇಳಿಸಿ, ಊರಿನ ಗದ್ದೆಗಳಿಗೆಲ್ಲ ನೀರು ಹಂಚಿದವರು. ಆ ಕೆಲಸ ಬಿಟ್ಟ ಮೇಲೆ ಇಬ್ಬರು ಹೆಣ್ಣುಮಕ್ಕಳ ಮನೆಗೂ ತಮ್ಮನ್ನೇ ಹಂಚಿಕೊಂಡಿದ್ದರು. ಸ್ವಲ್ಪ ದಿನ ನರಸೀಪುರದಲ್ಲಿ ಕಿರಿಮಗಳು ದಿವ್ಯಳ ಮನೆ, ಸ್ವಲ್ಪ ದಿನ ನಂಜನಗೂಡಿನಲ್ಲಿ ಪಲ್ಲವಿಯ ಮನೆ. ದಿವ್ಯಳ ಗಂಡ ರವಿಚಂದ್ರ ಹಾಲ್‌ನಲ್ಲಿ ಗಾಜಿನ ತೊಟ್ಟಿ ಇಟ್ಟು ಬಣ್ಣದ ಮೀನು ಬಿಟ್ಟದ್ದೇ ತಡ, ಬನ್ನೂರಿನಲ್ಲಿ ಬಸ್ಸು ಹತ್ತಿದ ಮಾವ ನರಸೀಪುರದಲ್ಲೇ ಇಳಿಯತೊಡಗಿದರು. ನಂಜನಗೂಡು ಎಂಬ ಊರು ಭೂಪಟದಲ್ಲೇ ಇಲ್ಲವೇನೋ ಎಂಬಂತೆ.

"ಮಾವ ಯಾವಾಗ ಬರ್ತಾರಂತೆ?" ಫೋನು ಇಟ್ಟ ಹೆಂಡತಿಯನ್ನು ಮಹದೇವ ಕೇಳಿದ.

"ಕರಿ ಮೀನು ಯಾಕೋ ಮಂಕಾಗಿದೆಯಂತೆ ಕಣ್ರೀ. ಅದು ಚೇತರಿಸ್ಕೊಳ್ಳೋವರೆಗೂ ಬರಲ್ವಂತೆ."

"ನಂಗೆ ಡೆಂಗ್ಯೂ ಬಂದಾಗ ಒಂದು ದಿನ ಬಂದ್ರಾ?"

"ನೀವೇನು ಬಾಲ ಆಡಿಸ್ತಿದ್ರಾ, ಬಂದು ನೋಡೋಕೆ?"

ಹಿರಿಯ ಅಳಿಯನಾದವನು ಸಹಿಸುವ ಮಾತೇ ಇದು? ಮಹದೇವ ಅಲ್ಲೇ ಶಪಥಗೈದ. ರವಿಚಂದ್ರನದು ಹೇಳಿಕೇಳಿ ಸಿಹಿನೀರಿನ ತೊಟ್ಟಿ. ತನ್ನದು ಸಾಕ್ಷಾತ್ ಸಮುದ್ರವಾಗಬೇಕು! ಮಂಚದಷ್ಟು ಉದ್ದದ ಗಾಜಿನ ತೊಟ್ಟಿ, ತುಂಬ ಉಪ್ಪುನೀರು, ಅದರಲ್ಲಿ ಪಟ್ಟೆಪಟ್ಟೆಯ ಕಡಲ ಮೀನು. ಮಾವ ಬಸ್ಸಿನಲ್ಲಿ ನರಸೀಪುರ ಬಂದರೂ ಸೀಟು ಬಿಟ್ಟು ಏಳಬಾರದು.

"ಕಪಿಲೆ ಊರ ಪಕ್ಕದಲ್ಲೇ ಹರೀತಾಳೆ. ಅದು ಸಾಲ್ದು ಅಂತ ಮನೇಲಿ ಸಮುದ್ರ ಬೇರೆ," ಎಂದಳು ಪಲ್ಲವಿ. "ಉಪ್ಪಿನಕಾಯಿಗೆ ಇಟ್ಟಿರೋ ಕಲ್ಲುಪ್ಪು ಮುಟ್ಟಿದ್ರೆ ನೋಡಿ ಮತ್ತೆ!"

"ಅದಕ್ಕೆ ಬೇರೆ ಉಪ್ಪು ಬರುತ್ತೆ ಕಣೇ, ಪ್ಯಾಕೆಟ್ಟಲ್ಲಿ."

ಮೈಸೂರಿನ ಅಂಗಡಿಯವನು ತೊಟ್ಟಿ ಮಾರುತ್ತಾ, "ಕಡಲ ಮೀನು ಬಲು ನಾಜೂಕು ಸಾರ್. ಮೀನು ಆಮೇಲೆ, ಮೊದಲು ಫಿಲ್ಟರ್," ಎಂದುಬಿಟ್ಟ. ಈ ಮಾತನ್ನು ಬೇರೆ ಯಾರಿಗೆ ಹೇಳಿದ್ದರೂ ನಡೆಯುತ್ತಿತ್ತು. ಮಹದೇವ ತಾಂಡ್ಯದ ಕಾರ್ಖಾನೆಯೊಂದರಲ್ಲಿ ಕೊಳಚೆ ನೀರು ಸೋಸುವ ವಿಭಾಗದವನು. ತೊಟ್ಟಿಯ ಕೆಳಗೆ ಅಡಗಿ ಕೂರುವ ಅಂಗಡಿಯ ಪುಟ್ಟ ಫಿಲ್ಟರನ್ನು ಕಂಡು ಅವನಿಗೆ ಕರುಣೆ ಉಕ್ಕಿತು. ಮನೆಗೆ ಬಂದವನೇ ಹಾಲ್‌ನ ನೆಲದ ಮೇಲೆ ಸೀಮೆಸುಣ್ಣದಲ್ಲಿ ನಕ್ಷೆ ಬರೆಯಲು ಕೂತ.

ತೊಟ್ಟಿಯ ನೀರು ಪಂಪಿನಿಂದ ಸಜ್ಜೆಯ ಮೇಲಿನ ಡ್ರಮ್ಮಿಗೆ ಏರಬೇಕು. ಅಲ್ಲಿ ಕಸ ತಳಕ್ಕೆ ಕೂರಬೇಕು. ಅದರ ಕೆಳಗಿನ ಡ್ರಮ್ಮಿನಲ್ಲಿ ಸ್ಪಂಜು, ಅದರ ಕೆಳಗೆ ಮರಳು ಮತ್ತು ಇದ್ದಿಲು, ಕಡೆಯದರಲ್ಲಿ ಕೊಳೆ ತಿನ್ನುವ ಒಳ್ಳೆಯ ಸೂಕ್ಷ್ಮಜೀವಿಗಳು ವಾಸಿಸಲು ಕಲ್ಲು. ಪಕ್ಕದಲ್ಲಿ ನೀರಿನ ಜಿಡ್ಡನ್ನು ನೊರೆಯಾಗಿ ಎಳೆದು ತೆಗೆಯಲು ಆಳೆತ್ತರದ ಕೊಳವೆ. ಡ್ರಮ್ಮಿಗೊಂದು ವಾಲ್ವು. ದಿವಾನವು ವರಾಂಡಕ್ಕೆ ಗಡೀಪಾರಾಯಿತು, ಟೀವಿಯು ಅಡುಗೆಮನೆಯಲ್ಲಿ ಗ್ರೈಂಡರಿನ ಆಶ್ರಯ ಪಡೆಯಿತು.

"ರೀ, ಮೀನು ಎಲ್ಲಿರುತ್ತೆ?"

"ಈ ಮೂಲೇಲಿ."

"ನಾವು?"

ಮಹದೇವ ನಕ್ಷೆಯನ್ನು ಮತ್ತೊಮ್ಮೆ ಪರಿಶೀಲಿಸಿದ.

ಎಲ್ಲ ಕೂಡಿಸಿ, ನೀರು ತುಂಬಿ, ಉಪ್ಪು ಕದಡಿದ್ದಾಯಿತು. ಇನ್ನು ನೀರು ಹದಕ್ಕೆ ಬರಲು ಕೆಲವು ವಾರ ಬೇಕು, ಅಲ್ಲಿಯವರೆಗೆ ಮೀನು ಬಿಡುವಂತಿಲ್ಲ. ಆದರೆ ಹೊಟ್ಟೆಯೊಳಗಿನ ಕಿಚ್ಚಿಗೆ ಈ ನಿಯಮ ಗೊತ್ತಿರಬೇಕಲ್ಲ! ಭಾನುವಾರ ಮಧ್ಯಾಹ್ನದ ಊಟಕ್ಕೆ ಎಂದು ನರಸೀಪುರಕ್ಕೆ ಫೋನು ಮಾಡಿಯೇಬಿಟ್ಟ. ರವಿಚಂದ್ರ, ದಿವ್ಯ, ಮಾವ, ಮೂವರೂ ಕಾರಿನಲ್ಲಿ ಬಂದಿಳಿದರು.

ರವಿಚಂದ್ರ ಗಾಜಿಗೆ ಮೂಗು ತಾಗಿಸಿ ಹುಡುಕಿದ. "ಎಲ್ಲಣ್ಣ ಮೀನು? ಅವಿತ್ಕೊಂಡವಾ?"

"ನೀರು ಹದಕ್ಕೆ ಬರ್ಬೇಕು. ಮೀನು ಆಮೇಲೆ."

"ಬರೀ ನೀರು ತೋರ್ಸೋಕೆ ಕರೆಸಿದ್ರಾ? ನಮ್ಮೂರಲ್ಲಿ ಎರಡು ಹೊಳೆ ಸೇರ್ತವೆ ಕಣಣ್ಣ!"

ದಿವ್ಯ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಅವಳು ನಕ್ಕದ್ದಿರಲಿ, ಪಲ್ಲವಿಯೂ ನಕ್ಕಳು.

ಆದರೆ ಮಾವ ತೊಟ್ಟಿಯ ಕಡೆ ನೋಡಿಯೇ ಇರಲಿಲ್ಲ. ಡ್ರಮ್ಮುಗಳ ಮುಂದೆ ನಿಂತುಬಿಟ್ಟಿದ್ದರು. ಮೆಲ್ಲನೆ ಒಂದು ವಾಲ್ವು ತಿರುಗಿಸಿದರು. ನೀರು ಗುಳಗುಳ ಎಂದು ಕೆಳಗಿನ ಡ್ರಮ್ಮಿಗೆ ಇಳಿಯಿತು. ಇನ್ನೊಂದು ತಿರುಗಿಸಿದರು. ಅವರ ಮುಖದಲ್ಲಿ ನಗು ಹರಡಿತು.

"ಯಾರು ಅಳಿಯಂದ್ರೇ ಇದ ಮಾಡಿದ್ದು?"

"ನಾನೇ ಮಾವ."

"ಎಂಥ ಸೊಗಸಾದ ತೂಬು! ಮ್ಯಾಗಳ ಗದ್ದೆ ತುಂಬಿ ಕೆಳಗಳ ಗದ್ದೆಗೆ ಹೋದಂಗೇ ಹೋಯ್ತದಲ್ಲ! ಈ ಸದ್ದು ಕೇಳಿ ಎಷ್ಟು ಕಾಲ ಆಗಿತ್ತೋ. ರವಿಯವ್ರ ಮನೇಲಿ ಮೀನೇನೋ ಅವೆ, ನೀರು ನಿಂತಲ್ಲೇ ನಿಂತದೆ. ನಾ ಇನ್ಮ್ಯಾಕೆ ಇಲ್ಲೇ ಇರ್ತೀನಿ."

ಆಹಾ! ಮಹದೇವ ಗೆದ್ದ. ಈಗ ರವಿಚಂದ್ರನ ಮುಖ ಬಾಡುವುದನ್ನು ಕಣ್ತುಂಬ ನೋಡಬೇಕೆಂದು ತಿರುಗಿದರೆ, ಅಲ್ಲಿ ರವಿಚಂದ್ರನೇ ಇರಲಿಲ್ಲ. ಕಾರಿನ ಡಿಕ್ಕಿ ತೆರೆದ ಸದ್ದಾಯಿತು. ಮಾವನ ಟ್ರಂಕು, ಹಾಸಿಗೆ ಸುರುಳಿ, ಊರುಗೋಲು, ಎಲೆಅಡಿಕೆ ಡಬ್ಬಿ, ಹಿತ್ತಾಳೆ ಚೊಂಬು ಒಂದೊಂದಾಗಿ ವರಾಂಡಕ್ಕೆ ಬಂದವು.

"ಇದೆಲ್ಲ ಯಾಕೆ ತಂದಿದ್ಯೋ?"

"ಏನೋ ಒಂದಾಸೆ ಅಣ್ಣ," ಎಂದ ರವಿಚಂದ್ರ. ಅವನ ಮುಖ ಸ್ವಂತ ಊರಿಗೆ ವರ್ಗ ಸಿಕ್ಕಿದ ಮೇಷ್ಟ್ರ ಮುಖದಂತೆ ಅರಳಿತ್ತು. "ಕೋಳಿ ಕೂಗೋಕೆ ಮುಂಚೆ ಎಬ್ಬಿಸಿ, ಮೀನಿಗೆ ಕಾಳು ಹಾಕಿದ್ಯಾ ಅಂತಾರೆ. ಇನ್ನು ನೀವುಂಟು, ಅವರುಂಟು. ದಿವ್ಯಾ, ಬಾ, ಹೊರಡೋಣ!"

ಊಟಕ್ಕೂ ನಿಲ್ಲದೆ ಹೋದರು. ಮಾವನ ಮಂಚ ಡ್ರಮ್ಮುಗಳ ಪಕ್ಕದಲ್ಲಿ ಪ್ರತಿಷ್ಠಾಪನೆಯಾಯಿತು.

ಕಡೆಗೊಂದು ದಿನ ನೀರು ಹದಕ್ಕೆ ಬಂತು. ಮಹದೇವ ಮೈಸೂರಿಗೆ ಹೋಗಿ, ಪಟ್ಟೆಪಟ್ಟೆಯ ಎರಡು ಮೀನುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಮಗುವಿನಂತೆ ಎದೆಗವಚಿಕೊಂಡು ಬಂದ. ಮಾವ ಮಂಚದಿಂದ ಎದ್ದು ಅಡ್ಡ ನಿಂತರು.

"ಏನದು?"

"ಮೀನು ಮಾವ. ತೊಟ್ಟಿಗೆ ಬಿಡೋಕೆ."

"ಸೋಸಿ ಸೋಸಿ ಕನ್ನಡಿಯಂಗೆ ಮಾಡಿರೋ ನೀರ್ಗಾ? ಅವು ಉಣ್ತವೆ, ಹೇಲ್ತವೆ. ನಾನಿರೋಗಂಟ ಆಗಕ್ಕಿಲ್ಲ!"

"ಅಯ್ಯೋ, ಅದಕ್ಕೇ ಮಾವ ಫಿಲ್ಟರ್ ಇರೋದು!"

"ಏನವ್ವ ಪಲ್ಲವಿ, ನಿನ್ ಗಂಡ ನೀರ್ನ ಕೆಡಿಸ್ಬುಟ್ಟು ಆಮ್ಯಾಕೆ ಸೋಸ್ಬೇಕು ಅಂತಾವ್ನಲ್ಲ?"

"ಫ್ಯಾಕ್ಟ್ರೀಲೂ ಅದೇ ಕೆಲ್ಸ ಅಪ್ಪಾಜಿ," ಎಂಬ ಉತ್ತರ ಅಡುಗೆಮನೆಯಿಂದ, ಟೀವಿಯ ಸದ್ದಿನ ನಡುವೆ ಬಂತು.

"ಎರಡೇ ಎರಡು ಮಾವ. ಅವೂ ಚಿಕ್ಕವು," ಎಂದು ಮಹದೇವ ಅಂಗಲಾಚಿದ.

ಗದ್ದೆ ಒಣಗಿದೆ ಎಂದು ಕಾಲಿಗೆ ಬಿದ್ದ ರೈತರಿಗೇ ಕರಗದಿದ್ದ ಮನುಷ್ಯ ಅವರು. ಎರಡು ಮೀನಿಗೆ ಕರಗುತ್ತಾರೆಯೇ?

ಮೀನುಗಳನ್ನು ಅಂಗಡಿಗೆ ಹಿಂತಿರುಗಿಸಲು ಮಹದೇವ ಚೀಲ ಹಿಡಿದು ಮೆಟ್ಟಿಲಿಳಿದ. ಗೇಟು ದಾಟುವಷ್ಟರಲ್ಲಿ ಹಿಂದಿನಿಂದ ಮಾವನ ದನಿ ಕೇಳಿಸಿತು. ಹಿರಿಯ ಅಳಿಯನನ್ನು ಅವರು ಅಷ್ಟು ಅಕ್ಕರೆಯಿಂದ ಕರೆದದ್ದು ಅದೇ ಮೊದಲು.

"ಅಳಿಯಂದ್ರೇ, ಬರ್ತಾ ಇನ್ನೆರಡು ಡ್ರಮ್ಮು ತಕಬನ್ನಿ. ನೀವು ಮಲಗೋ ರೂಮಲ್ಲಿ ಜಾಗ ಅದೆ!"